ಮಾದಕ ವಸ್ತುಗಳ ಹಾನಿಗೆ ರ್‍ಯಾಂಕ್ ಕೊಡಬೇಕಾದವರು ಯಾರು? ತಜ್ಞರ ಅಂಕ ನಂಬಬೇಕಾ, ಸಾವಿನ ಲೆಕ್ಕ ನಂಬಬೇಕಾ?

ತರಗತಿ_ಕಿಟಕಿ

ಕಾಲೇಜು ಮಕ್ಕಳ ಜೊತೆ ವ್ಯಸನದ ಬಗ್ಗೆ ಮಾತಾಡುವುದು ನನ್ನ ಕೆಲಸದ ಒಂದು ಭಾಗ. ಎಲ್ಲಿ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ: ಎಲ್ಲಕ್ಕಿಂತ ಡೇಂಜರ್ ಯಾವುದು? ಉತ್ತರಕ್ಕೆ ನಾನು 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪಟ್ಟಿ ತೋರಿಸುತ್ತೇನೆ. ಬ್ರಿಟನ್ನಿನ ವಿಜ್ಞಾನಿ ಡೇವಿಡ್ ನಟ್ ಮತ್ತು ಜೊತೆಗಾರರು ಮಾಡಿದ್ದು. 20 ವಸ್ತು, 16 ಮಾನದಂಡ, 100ಕ್ಕೆ ಇಷ್ಟು ಅಂತ ಅಂಕ. ಮದ್ಯಕ್ಕೆ 72, ಹೆರಾಯಿನ್‌ಗೆ 55, ಹೊಗೆಯಾಗಿ ಸೇದುವ ಕ್ರ್ಯಾಕ್ ಕೊಕೇನ್‌ಗೆ 54. ತಂಬಾಕಿಗೆ 26, ಗಾಂಜಾಕ್ಕೆ 20, ಪಾರ್ಟಿಗಳಲ್ಲಿ ತಗೊಳ್ಳುವ ಎಕ್ಸ್‌ಟಸಿಗೆ 9. ಮದ್ಯ ಎಲ್ಲಕ್ಕಿಂತ ಮೇಲಿರುವುದನ್ನು ನೋಡಿ ಮಕ್ಕಳು ಬೆರಗಾಗುತ್ತಾರೆ.

ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಈ 72 ಅನ್ನೋದನ್ನ ಯಾರು ಅಳೆದರು?" ತಜ್ಞರು ಕೂತು ಚರ್ಚಿಸಿ ಕೊಟ್ಟ ಅಂಕ ಅಂತ ಹೇಳಿದೆ. "ಹಾಗಾದ್ರೆ ಅದು ಅಭಿಪ್ರಾಯ. ಡೇಟಾ ಎಲ್ಲಿ?" ಅಂದಳು. ಕೇಳಿದ್ದು ನ್ಯಾಯವಾಗಿಯೇ ಇದೆ. ಒಂದು ದಿನದ ಸಭೆಯಲ್ಲಿ ಕೊಟ್ಟ ಅಂಕಗಳನ್ನು ಇಷ್ಟು ವರ್ಷದಿಂದ ಎಲ್ಲರೂ ಎತ್ತಿ ಹೇಳುತ್ತಿದ್ದಾರೆ. ಎಷ್ಟು ಜನ ಸತ್ತರು, ಎಷ್ಟು ಜನ ಆಸ್ಪತ್ರೆ ಸೇರಿದರು ಅಂತ ಎಣಿಸಿ ಪಟ್ಟಿ ಮಾಡಬಾರದಾ? ನೀವೆಲ್ಲ ಏನಂತೀರಿ?

ಅಂಕಗಣಿತ_ಅಜ್ಜ

ಎಣಿಸಬಹುದು. ಎಣಿಸಿದ್ದಾರೆ ಕೂಡ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದಲ್ಲಿ ತಂಬಾಕಿನಿಂದ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಸಾವು. ಮದ್ಯದಿಂದ 2019ರಲ್ಲಿ 26 ಲಕ್ಷ. ಉಳಿದ ಡ್ರಗ್ಸ್ ಎಲ್ಲಾ ಸೇರಿ ಸುಮಾರು 6 ಲಕ್ಷ. ಅಲ್ಲಿಗೆ ತಂಬಾಕು ಮೊದಲನೇದು. ನಿಮ್ಮ ತಜ್ಞರ ಪಟ್ಟಿಯಲ್ಲಿ ಅದು ಆರನೇ ಜಾಗದಲ್ಲಿದೆ. ಮನುಷ್ಯರನ್ನು ಇಷ್ಟು ಸಂಖ್ಯೆಯಲ್ಲಿ ಕೊಲ್ಲುವ ವಸ್ತು ಆರನೇದು ಅನ್ನುವ ಪಟ್ಟಿಯನ್ನು ನಾನು ಮಕ್ಕಳಿಗೆ ತೋರಿಸುವುದಿಲ್ಲ.

ಸುಮ್ನೆ_ಓದುವವ

ಅಜ್ಜಾ, ಬಳಸುವವರ ಸಂಖ್ಯೆಯಿಂದ ಭಾಗಿಸಬೇಡ್ವಾ? ಸಿಗರೇಟು ಸೇದುವವರು ಎಷ್ಟು, ಹೆರಾಯಿನ್ ಚುಚ್ಚಿಕೊಳ್ಳುವವರು ಎಷ್ಟು?

ಲೆಕ್ಕದ_ಟೀಚರ್

ಭಾಗಿಸಿಯೇ ನೋಡೋಣ. ಆ ಲೆಕ್ಕದ ಹೊತ್ತಿಗೆ ಜಗತ್ತಿನಲ್ಲಿ ತಂಬಾಕು ಬಳಸುವವರು ಸುಮಾರು 130 ಕೋಟಿ. ಮದ್ಯ ಕುಡಿಯುವವರು ಸುಮಾರು 230 ಕೋಟಿ. ಓಪಿಯಾಯ್ಡ್ ಬಳಸುವವರು, ಅಂದರೆ ಹೆರಾಯಿನ್, ಅಫೀಮು, ಫೆಂಟನಿಲ್, ನೋವಿನ ಮಾತ್ರೆ ಈ ಬಳಗದವೆಲ್ಲ ಸೇರಿ, ಸುಮಾರು 6 ಕೋಟಿ. ಆ 6 ಲಕ್ಷ ಸಾವಿನಲ್ಲಿ ಹತ್ತಿರ ಹತ್ತಿರ ಶೇ. 80 ಇವುಗಳದ್ದೇ, ಅಂದರೆ 4.8 ಲಕ್ಷದಷ್ಟು.

ಈಗ ಭಾಗಿಸಿ. ಓಪಿಯಾಯ್ಡ್ ಬಳಸುವ 125 ಜನರಿಗೆ ವರ್ಷಕ್ಕೆ ಒಂದು ಸಾವು. ತಂಬಾಕಿನಲ್ಲಿ 160 ಜನರಿಗೆ ಒಂದು. ಆ 80 ಲಕ್ಷದಲ್ಲಿ ಬೇರೆಯವರ ಹೊಗೆ ಕುಡಿದು ಸತ್ತವರೂ ಇದ್ದಾರೆ. ಅವರನ್ನು ಬಿಟ್ಟರೆ 190ರ ಆಸುಪಾಸು. ಮದ್ಯದಲ್ಲಿ 885 ಜನರಿಗೆ ಒಂದು. ಎಲ್ಲವೂ ಒಂದೇ ವರ್ಷದ ಅಂಕಿಗಳಲ್ಲ, ಹಾಗಾಗಿ ಇದು ಒರಟು ಲೆಕ್ಕ. ಆದರೂ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ.

ಒಟ್ಟು ಸಾವು ನೋಡಿದರೆ ತಂಬಾಕು ಮೊದಲು. ತಲಾ ಸಾವು ನೋಡಿದರೆ ಓಪಿಯಾಯ್ಡ್ ಮೊದಲು. ಡೇಟಾ ಅದೇ, ಪಟ್ಟಿ ಮಾತ್ರ ಎರಡು. ಯಾವ ಪಟ್ಟಿ ಹಿಡಿಯಬೇಕು ಅಂತ ಡೇಟಾ ಹೇಳುವುದಿಲ್ಲ. ಅದನ್ನು ಯಾರಾದರೂ ಮನುಷ್ಯರೇ ಹೇಳಬೇಕು.

ಅಂಕಗಣಿತ_ಅಜ್ಜ

ಟೀಚರ್, ಒಪ್ಪಿದೆ. ಆದರೆ ನಿಮ್ಮ ಭಾಗಾಕಾರವನ್ನು ನಾನು ಕೂತು ಮತ್ತೆ ಮಾಡಿ ಪರೀಕ್ಷಿಸಬಹುದು. ಆ 72ನ್ನು ಮತ್ತೆ ಮಾಡಿ ನೋಡುವುದು ಹೇಗೆ? ಅದೇ ಜನ, ಅದೇ ಕೋಣೆ, ಅದೇ ದಿನ ಬೇಕಲ್ವಾ?

ರಾತ್ರಿಪಾಳಿ_ಸಿಸ್ಟರ್

ಬರೀ ಸಾವು ಎಣಿಸುತ್ತಾ ಕೂತರೆ ಹೇಗೆ? ನಾನು ವ್ಯಸನ ಬಿಡಿಸುವ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಹೆರಾಯಿನ್ ಬಿಡುವಾಗ ನರಳಾಟ ನೋಡಲಾಗುವುದಿಲ್ಲ, ಆದರೆ ಅದರಿಂದಲೇ ಪ್ರಾಣ ಹೋಗುವುದು ಕಮ್ಮಿ. ತುಂಬಾ ಕುಡಿಯುವವರು ದಿಢೀರ್ ಅಂತ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಚಿಕಿತ್ಸೆ ಇಲ್ಲದಿದ್ದರೆ ಸಾಯಲೂಬಹುದು. ಇದು ಹೊರಗಿನವರಿಗೆ ಗೊತ್ತೇ ಇಲ್ಲ. ಎಷ್ಟೋ ಮನೆಯವರು "ಇವತ್ತಿಂದ ಒಂದು ಹನಿನೂ ಕೊಡಲ್ಲ" ಅಂತ ಕೋಣೆಗೆ ಬೀಗ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯ. ಕುಡಿದವನ ಕೇಸ್ ಶೀಟಿನಲ್ಲಿ ಅವನ ಲಿವರ್ ಬಗ್ಗೆ ಬರೆಯುತ್ತೇವೆ. ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯ ಕೈ ಮುರಿದಿದ್ದರೆ ಅದು ಮೂಳೆ ವಿಭಾಗದಲ್ಲಿ "ಜಾರಿ ಬಿದ್ದದ್ದು" ಅಂತ ದಾಖಲಾಗುತ್ತದೆ. ಅಜ್ಜಾ, ಈ ಕೈಯನ್ನು ನಿಮ್ಮ ಡೇಟಾ ಯಾವ ಕಾಲಂನಲ್ಲಿ ಹಾಕುತ್ತದೆ?

ಹೊಸ_ಹೆಜ್ಜೆ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ಅಪ್ಪ ಕುಡಿಯುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ, ಯಾರೂ ಆಸ್ಪತ್ರೆಗೆ ಹೋಗಲಿಲ್ಲ, ಪೊಲೀಸರೂ ಬರಲಿಲ್ಲ. ಯಾವ ಲೆಕ್ಕಕ್ಕೂ ನಾವು ಸಿಗುವುದಿಲ್ಲ. ಆದರೆ ನಾನು, ತಂಗಿ ಇಬ್ಬರೂ ಇವತ್ತಿಗೂ ಬಾಗಿಲು ಜೋರಾಗಿ ಹಾಕಿದ ಸದ್ದಿಗೆ ಬೆಚ್ಚಿ ಬೀಳುತ್ತೇವೆ.

ವಿಧಾನ_ವಿಚಾರ

ತಜ್ಞರ ಪಟ್ಟಿಯ ಬಲ ಇರುವುದು ಇಲ್ಲೇ. ಆ 16 ಮಾನದಂಡದಲ್ಲಿ 9 ಬಳಸುವವನಿಗೆ ಆಗುವ ಹಾನಿಗೆ, 7 ಬೇರೆಯವರಿಗೆ ಆಗುವ ಹಾನಿಗೆ. ಕುಟುಂಬದ ಕಷ್ಟ, ಗಾಯ, ಅಪರಾಧ, ಸಮಾಜಕ್ಕೆ ಬೀಳುವ ಖರ್ಚು ಇವೆಲ್ಲ ಆ 7ರಲ್ಲಿ ಬರುತ್ತವೆ. ಮದ್ಯದ 72ನ್ನು ಬಿಡಿಸಿ ನೋಡಿ: ಬಳಸುವವನಿಗೆ 26, ಬೇರೆಯವರಿಗೆ 46. ಬಳಸುವವನ ಹಾನಿ ಮಾತ್ರ ನೋಡಿದರೆ ಮೇಲಿರುವುದು ಕ್ರ್ಯಾಕ್, ಹೆರಾಯಿನ್, ಮೆಥ್ (ಮೆಥಾಂಫೆಟಮೈನ್). ಮದ್ಯವನ್ನು ಮೇಲಕ್ಕೆ ಎತ್ತಿದ್ದು ಸುತ್ತಲಿನವರ ನೋವು.

ಅಂಕ ಕೊಟ್ಟ ರೀತಿಯನ್ನೂ ಹೇಳುತ್ತೇನೆ, ಯಾಕೆಂದರೆ ಮನಸ್ಸಿಗೆ ಬಂದದ್ದು ಬರೆದರು ಅನ್ನುವ ಭಾವನೆ ಬೇಡ. ಒಂದೊಂದು ಮಾನದಂಡದಲ್ಲೂ ಅತಿ ಕೆಟ್ಟ ವಸ್ತುವಿಗೆ 100. ಉಳಿದವು ಅದಕ್ಕೆ ಹೋಲಿಸಿ. 50 ಅಂದರೆ ಅದರ ಅರ್ಧದಷ್ಟು ಹಾನಿ. ಆಮೇಲೆ ಮಾನದಂಡಗಳಿಗೇ ತೂಕ ಕೊಡುತ್ತಾರೆ. "ಈ ಮಾನದಂಡದಲ್ಲಿ ಸೊನ್ನೆಯಿಂದ ನೂರಕ್ಕೆ ಹೋಗುವುದು ದೊಡ್ಡದಾ, ಆ ಮಾನದಂಡದಲ್ಲಿ ಸೊನ್ನೆಯಿಂದ ನೂರಕ್ಕೆ ಹೋಗುವುದು ದೊಡ್ಡದಾ?" ಅಂತ ಒಂದೊಂದನ್ನೇ ಕೇಳಿ ನಿರ್ಧರಿಸುತ್ತಾರೆ. ಬೇರೆ ಕ್ಷೇತ್ರಗಳಲ್ಲೂ ಬಳಸುವ ವಿಧಾನ ಇದು. ಬಿಡಿ ಅಂಕಗಳ ಹಿಂದೆ ಸಿಕ್ಕ ಕಡೆ ಡೇಟಾ ಇದೆ. ತೂಕದ ಹಿಂದೆ ಇರುವುದು ಮಾತ್ರ ಪೂರ್ತಿ ಮನುಷ್ಯರ ತೀರ್ಮಾನ.

ಕಡಲಹಕ್ಕಿ

ಅದೇ ತಂಡ 2007ರಲ್ಲೂ ಪಟ್ಟಿ ಮಾಡಿತ್ತು, ಲ್ಯಾನ್ಸೆಟ್‌ನಲ್ಲೇ. ಆಗ 9 ಮಾನದಂಡ, ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ, ಕೂಡಿಸಿ ಸರಾಸರಿ. ಆಗ ಹೆರಾಯಿನ್ ಮೊದಲು, ಕೊಕೇನ್ ಎರಡನೇದು, ಮದ್ಯ ಐದನೇದು, ತಂಬಾಕು ಒಂಬತ್ತನೇದು. ಮೂರೇ ವರ್ಷದಲ್ಲಿ ಮದ್ಯ ಐದರಿಂದ ಒಂದಕ್ಕೆ ಹಾರಿತು. ಆ ಮೂರು ವರ್ಷದಲ್ಲಿ ಮದ್ಯ ಬದಲಾಯಿತಾ? ಇಲ್ಲ, ಲೆಕ್ಕ ಹಾಕುವ ರೀತಿ ಬದಲಾಯಿತು. ಇಂಥ ಪಟ್ಟಿಯನ್ನು ವಿಜ್ಞಾನ ಅಂತ ಕರೆಯುವುದು ನನಗೆ ಕಷ್ಟ.

ವಿಧಾನ_ವಿಚಾರ

ಟೀಚರ್ ಮಾಡಿದ ಭಾಗಾಕಾರದಲ್ಲೂ ಅದೇ ಆಯಿತಲ್ಲ? ತಂಬಾಕು ಕೆಳಗೆ ಇಳಿಯಿತು, ಓಪಿಯಾಯ್ಡ್ ಮೇಲೆ ಬಂತು. ಅಲ್ಲಿ ವಿಧಾನ ಬದಲಾಗಿದ್ದಕ್ಕೆ ನೀವು ಸಿಟ್ಟಾಗಲಿಲ್ಲ.

ಕಡಲಹಕ್ಕಿ

ಅಲ್ಲಿ ಏನು ಬದಲಾಯಿತು ಅಂತ ಒಂದು ಸಾಲಿನಲ್ಲಿ ಹೇಳಬಹುದು. ಇಲ್ಲಿ ಹೇಳಲಿಕ್ಕೆ ಎರಡು ಪ್ಯಾರಾ ಬೇಕಾಯಿತು ನಿಮಗೆ.

ಗಿಡುಗ

ಈ ಪಟ್ಟಿ ಮಾಡಿದ್ದಕ್ಕೇ ಅಲ್ವಾ ನಟ್ ಅವರನ್ನು ಸರ್ಕಾರ ಕೆಲಸದಿಂದ ತೆಗೆದದ್ದು?

ಕಪ್ಪುಕೋಟು

ಈ ತಪ್ಪು ಕಲ್ಪನೆ ತುಂಬಾ ಕಡೆ ಇದೆ. ಅವರನ್ನು ತೆಗೆದದ್ದು 2009ರ ಅಕ್ಟೋಬರ್ 30ಕ್ಕೆ. 72ರ ಪಟ್ಟಿ ಬಂದದ್ದು 2010ರ ನವೆಂಬರ್‌ನಲ್ಲಿ. ತೆಗೆದಾಗ ಅವರು ಮಾದಕ ವಸ್ತುಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿಯ ಅಧ್ಯಕ್ಷರಾಗಿದ್ದರು. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ, ಎಕ್ಸ್‌ಟಸಿ, ಗಾಂಜಾ ಇವುಗಳಿಗಿಂತ ಮದ್ಯ ಮತ್ತು ತಂಬಾಕಿನ ಹಾನಿ ಹೆಚ್ಚು ಅಂತ ಒಂದು ಉಪನ್ಯಾಸದಲ್ಲಿ ಹೇಳಿದ್ದರು. ಅದು ಅಚ್ಚಾಯಿತು. ಗೃಹ ಸಚಿವ ಅಲನ್ ಜಾನ್ಸನ್ ರಾಜೀನಾಮೆ ಕೇಳಿದರು. ಅದಕ್ಕೂ ಮುಂಚೆ, ಅದೇ ವರ್ಷದ ಜನವರಿಯಲ್ಲಿ ಗಾಂಜಾವನ್ನು ಶಿಕ್ಷೆ ಕಮ್ಮಿ ಇರುವ ಸಿ ದರ್ಜೆಯಿಂದ ಮತ್ತೆ ಶಿಕ್ಷೆ ಹೆಚ್ಚಿರುವ ಬಿ ದರ್ಜೆಗೆ ಏರಿಸಿದ್ದರು, ಮಂಡಳಿ ಬೇಡ ಅಂದರೂ. ನಮ್ಮ ಚರ್ಚೆಗೆ ಇದು ಮುಖ್ಯ: ತಜ್ಞರ ಅಭಿಪ್ರಾಯವೋ ಡೇಟಾವೋ ಅಂತ ನಾವು ಜಗಳ ಆಡುತ್ತಿದ್ದೇವೆ, ಕಾನೂನು ಎರಡನ್ನೂ ಕೇಳದೆ ಮುಂದೆ ಹೋಯಿತು.

ಗಿಡುಗ

ಕುದುರೆ ಸವಾರಿಯ ವಿಷಯವೂ ಅವರದ್ದೇ ತಾನೇ?

ಕಪ್ಪುಕೋಟು

ಹೌದು, 2009ರ ಆರಂಭದ ಲೇಖನ. ಸುಮಾರು 350 ಸವಾರಿಗೆ ಒಂದು ಗಂಭೀರ ಹಾನಿ, ಎಕ್ಸ್‌ಟಸಿಯಲ್ಲಿ 10,000 ಸಲಕ್ಕೆ ಒಂದು ಅಂತ ಹೋಲಿಸಿದ್ದರು. ಗೃಹ ಸಚಿವರೇ ಕ್ಷಮೆ ಕೇಳಿ ಅಂದರು, ಆಗ ಜಾಕಿ ಸ್ಮಿತ್ ಇದ್ದರು. ಗಮನಿಸಿ, ಇದು ಅಂಕಿಗಳ ಮೇಲೇ ನಿಂತ ವಾದ. ಡೇಟಾ ತೋರಿಸಿದ್ದಕ್ಕೇ ಜನ ಜಾಸ್ತಿ ಸಿಟ್ಟಾದರು.

ಲ್ಯಾಬ್_ಕೋಟು

ಡೇಟಾ ಡೇಟಾ ಅಂತ ಎಲ್ಲರೂ ಹೇಳುತ್ತಿದ್ದೀರಿ. ಅದು ಹುಟ್ಟುವ ಜಾಗದಲ್ಲಿ ನಾನು ಕೆಲಸ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆರಾಯಿನ್ ಮೈಗೆ ಸೇರಿದ ಕೆಲವೇ ನಿಮಿಷಗಳಲ್ಲಿ 6-ಮೊನೊಅಸಿಟೈಲ್‌ಮಾರ್ಫಿನ್ ಅನ್ನುವ ವಸ್ತುವಾಗುತ್ತದೆ, ಅದು ಮುಂದೆ ಮಾರ್ಫಿನ್ ಆಗುತ್ತದೆ. ಆ ನಡುವಿನ ವಸ್ತು ಸಿಕ್ಕರೆ ಹೆರಾಯಿನ್ ಅಂತ ಗಟ್ಟಿಯಾಗಿ ಹೇಳಬಹುದು. ಆದರೆ ಅದು ರಕ್ತದಲ್ಲಿ ಬೇಗ ಮಾಯವಾಗುತ್ತದೆ. ಮಾರ್ಫಿನ್ ಮಾತ್ರ ಸಿಕ್ಕರೆ? ಆಸ್ಪತ್ರೆಯಲ್ಲಿ ನೋವಿಗೆ ಕೊಟ್ಟ ಮಾರ್ಫಿನ್ ಇರಬಹುದು. ಕೆಮ್ಮಿನ ಔಷಧಿಯಲ್ಲಿರುವ ಕೊಡೀನ್ ಕೂಡ ಮೈಯಲ್ಲಿ ಸ್ವಲ್ಪ ಮಾರ್ಫಿನ್ ಆಗುತ್ತದೆ. ಆಗ ಸಾವಿನ ಕಾರಣದಲ್ಲಿ "ಹೆರಾಯಿನ್" ಅಂತ ಬರೆಯಬೇಕಾ ಬೇಡವಾ ಅಂತ ನಿರ್ಧರಿಸುವುದು ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು. ಪಕ್ಕದಲ್ಲಿ ಸಿರಿಂಜ್ ಇತ್ತಾ, ಮನೆಯವರು ಏನು ಹೇಳಿದರು, ಎಲ್ಲ ನೋಡಿ. ಅದೂ ತಜ್ಞರ ಅಭಿಪ್ರಾಯವೇ. ಆಮೇಲೆ ಅದು ಒಂದು ಅಂಕಿಯಾಗಿ ನಿಮ್ಮ ಟೇಬಲ್‌ಗೆ ಬರುತ್ತದೆ, ಆಗ ಎಲ್ಲರೂ ಅದನ್ನು ಡೇಟಾ ಅನ್ನುತ್ತಾರೆ.

ಇನ್ನು ಒಂದೇ ವಸ್ತು ಸಿಗುವ ದೇಹಗಳು ಕಮ್ಮಿ. ಓಪಿಯಾಯ್ಡ್, ನಿದ್ದೆ ಮಾತ್ರೆ, ಮದ್ಯ ಮೂರೂ ಇದ್ದರೆ ಉಸಿರು ನಿಲ್ಲಿಸಿದ್ದು ಯಾವುದು? ಮೂರೂ ಸೇರಿ. ಸಾವನ್ನು ಯಾರ ಖಾತೆಗೆ ಬರೆಯುತ್ತೀರಿ?

ಅಂಕಗಣಿತ_ಅಜ್ಜ

ಹಾಗಾದರೆ ಲ್ಯಾಬ್ ಸುಧಾರಿಸಿ, ನಮೂನೆ ಸುಧಾರಿಸಿ. ಅಳತೆ ಸರಿ ಇಲ್ಲ ಅಂತ ಅಳತೆಯನ್ನೇ ಬಿಟ್ಟುಬಿಡುವುದಾ? 1950ರ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಯಾಕೆ ಏರುತ್ತಿದೆ ಅಂತ ಹುಡುಕಲು ಹೊರಟ ಬ್ರಿಟನ್ನಿನ ವೈದ್ಯ ರಿಚರ್ಡ್ ಡಾಲ್ ಅವರಿಗೇ ಮೊದಲು ಅನುಮಾನ ಇದ್ದದ್ದು ರಸ್ತೆಗೆ ಹಾಕುವ ಟಾರಿನ ಮೇಲೆ. ಅವರು ಸಣ್ಣ ತಜ್ಞರಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೇಳುತ್ತಾ ಹೋದ ಮೇಲೆ ಸಿಗರೇಟು ಎದ್ದು ಕಂಡಿತು. ಡಾಲ್ ತಾವೇ ಸೇದುವುದು ಬಿಟ್ಟರು. ಆಮೇಲೆ 1951ರಿಂದ ಸುಮಾರು 40 ಸಾವಿರ ಬ್ರಿಟಿಷ್ ವೈದ್ಯರ ಹಿಂದೆ ಬಿದ್ದರು. ಪುರುಷ ವೈದ್ಯರ 50 ವರ್ಷದ ಲೆಕ್ಕ 2004ರಲ್ಲಿ ಬಂತು. ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮುಂಚೆ ಸತ್ತರು. 1950ರಲ್ಲಿ ತಜ್ಞರ ಸಮಿತಿ ಕೂರಿಸಿ ಅಂಕ ಕೊಡಿ ಅಂದಿದ್ದರೆ ತಂಬಾಕಿಗೆ ಎಷ್ಟು ಬರುತ್ತಿತ್ತು ಹೇಳಿ? ಆ ಕೋಣೆಯಲ್ಲಿ ಅರ್ಧ ಜನ ಸೇದುತ್ತಾ ಕೂತಿರುತ್ತಿದ್ದರು.

ಸುಮ್ನೆ_ಓದುವವ

ಈ ಮಾತಿಗೆ ನನ್ನ ಓಟು.

ರಾತ್ರಿಪಾಳಿ_ಸಿಸ್ಟರ್

ಅಜ್ಜಾ, ಡಾಲ್ ಅವರಿಗೆ ಎಣಿಸುವುದಕ್ಕೆ 50 ವರ್ಷ ಸಿಕ್ಕಿತು. ಹೋದ ತಿಂಗಳು ಬಂದ ಹೊಸ ಪುಡಿಗೆ ಎಷ್ಟು ವರ್ಷ ಕಾಯುತ್ತೀರಿ?

ನೀಲಿಶಾಯಿ

ಅಭಿಪ್ರಾಯ ಎಷ್ಟು ಕೆಟ್ಟದು ಮಾಡಬಹುದು ಅನ್ನುವುದಕ್ಕೆ ಇನ್ನೊಂದು. 1980ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದು ವಾಕ್ಯದ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿದ್ದಾಗ ಓಪಿಯಾಯ್ಡ್ ಪಡೆದ 11,882 ರೋಗಿಗಳಲ್ಲಿ ಚಟ ಹತ್ತಿದ್ದು 4 ಜನರಿಗೆ ಮಾತ್ರ ಅಂತ. ಆಸ್ಪತ್ರೆಯೊಳಗಿನ ರೋಗಿಗಳ ಲೆಕ್ಕ ಅದು. ಮನೆಗೆ ತಿಂಗಳುಗಟ್ಟಲೆ ಮಾತ್ರೆ ಕೊಂಡೊಯ್ದವರದ್ದಲ್ಲ. ಆದರೆ ತಜ್ಞರು ಅದನ್ನು ಒಬ್ಬರಿಂದ ಒಬ್ಬರು ಉದ್ಧರಿಸುತ್ತಾ "ಚಟ ಹತ್ತುವುದು ಅಪರೂಪ" ಅಂತ ಹೇಳುತ್ತಾ ಹೋದರು. 2017ರಲ್ಲಿ ಎಣಿಸಿ ನೋಡಿದಾಗ ಆ ಪತ್ರವನ್ನು 608 ಸಲ ಉದ್ಧರಿಸಿದ್ದರು. 2021ರಲ್ಲಿ ಅಮೆರಿಕದಲ್ಲಿ ಓವರ್‌ಡೋಸ್ ಸಾವು ಒಂದು ಲಕ್ಷ ದಾಟಿತು. ಎಲ್ಲದಕ್ಕೂ ಆ ಪತ್ರವೇ ಕಾರಣ ಅನ್ನುವುದಿಲ್ಲ, ಈಗಿನ ಸಾವುಗಳಲ್ಲಿ ಬಹುಪಾಲು ಕಳ್ಳ ಮಾರುಕಟ್ಟೆಯ ಫೆಂಟನಿಲ್‌ನವು. ಆದರೆ ಮಾತ್ರೆಗಳ ಬಾಗಿಲು ತೆರೆದಾಗ ಎಲ್ಲರೂ ತೋರಿಸುತ್ತಿದ್ದದ್ದು ಅದನ್ನೇ.

ವಿಧಾನ_ವಿಚಾರ

ನೀಲಿಶಾಯಿ ಅವರೇ, ಆ ಪತ್ರದಲ್ಲಿ ಇದ್ದದ್ದು ಅಂಕಿಗಳೇ ಅಲ್ವಾ? 11,882 ಮತ್ತು 4. ಡೇಟಾ ಇತ್ತು, ಆದರೆ ಅದು ಯಾರಿಗೆ ಅನ್ವಯಿಸುತ್ತದೆ ಅಂತ ಕೇಳುವವರು ಇರಲಿಲ್ಲ.

ಡೇಟಾ ತಪ್ಪುವುದಕ್ಕೂ ಉದಾಹರಣೆ ಕೊಡುತ್ತೇನೆ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು. ಒಂದೇ ರಾತ್ರಿಯ ಪಾರ್ಟಿಯಲ್ಲಿ ತಗೊಳ್ಳುವಷ್ಟು ಎಕ್ಸ್‌ಟಸಿ ಕೊಟ್ಟರೆ ಕೋತಿಗಳ ಮೆದುಳಿನ ಡೋಪಮೈನ್ ನರಗಳು ಹಾಳಾಗುತ್ತವೆ ಅಂತ. ದೊಡ್ಡ ಸುದ್ದಿಯಾಯಿತು. ಮರುವರ್ಷ ಲೇಖಕರೇ ಅದನ್ನು ವಾಪಸ್ ತಗೊಂಡರು. ಬಾಟಲಿಗಳ ಲೇಬಲ್ ಅದಲುಬದಲಾಗಿ ಕೋತಿಗಳಿಗೆ ಕೊಟ್ಟದ್ದು ಮೆಥಾಂಫೆಟಮೈನ್.

ಅಂಕಗಣಿತ_ಅಜ್ಜ

ವಾಪಸ್ ತಗೊಂಡರು ತಾನೇ! ಬೇರೆ ಪ್ರಯೋಗ ಮಾಡಿದಾಗ ಹೊಂದಲಿಲ್ಲ, ಹುಡುಕಿದರು, ತಪ್ಪು ಸಿಕ್ಕಿತು. ಅಭಿಪ್ರಾಯದಲ್ಲಿ ಬಾಟಲಿ ಅದಲುಬದಲಾದರೆ ಹಿಡಿಯುವುದು ಯಾರು?

ಲೆಕ್ಕದ_ಟೀಚರ್

ಅಜ್ಜ ಕೇಳುವ ಪಟ್ಟಿ ಒಂದು ಇದೆ. 2015ರಲ್ಲಿ ಲಾಖೆನ್‌ಮಯರ್ ಮತ್ತು ರೆಮ್ ಅನ್ನುವವರು ಮಾಡಿದ್ದು. ಆಹಾರದಲ್ಲಿರುವ ವಿಷ ವಸ್ತುಗಳಿಗೆ ಬಳಸುವ ವಿಧಾನ. ಅಪಾಯ ಶುರುವಾಗುವ ಪ್ರಮಾಣವನ್ನು ಜನ ನಿಜವಾಗಿ ತಗೊಳ್ಳುವ ಪ್ರಮಾಣದಿಂದ ಭಾಗಿಸುವುದು. ಉತ್ತರ ಚಿಕ್ಕದಾದಷ್ಟೂ ಅಪಾಯ ಜಾಸ್ತಿ. ಒಬ್ಬ ಬಳಕೆದಾರನ ಮಟ್ಟದಲ್ಲಿ ಮದ್ಯ, ನಿಕೋಟಿನ್, ಕೊಕೇನ್, ಹೆರಾಯಿನ್ ನಾಲ್ಕೂ 10ಕ್ಕಿಂತ ಕೆಳಗೆ ಬಂದವು. ಇಡೀ ಜನಸಂಖ್ಯೆಯ ಮಟ್ಟದಲ್ಲಿ 10ಕ್ಕಿಂತ ಕೆಳಗೆ ಇದ್ದದ್ದು ಮದ್ಯ ಒಂದೇ. ಗಾಂಜಾ 10,000ಕ್ಕಿಂತ ಮೇಲೆ.

ನೋಡಿ, ಕೂತು ಅಂಕ ಕೊಡುವ ಕೆಲಸ ಇಲ್ಲದೆಯೂ ಮದ್ಯ ಮತ್ತೆ ಮೇಲೇ ಬಂತು. ನನಗೆ ಇದು ದೊಡ್ಡ ವಿಷಯ ಅನಿಸುತ್ತದೆ.

ಲ್ಯಾಬ್_ಕೋಟು

ದೊಡ್ಡದೇ, ಆದರೆ ಒಳಗೆ ನೋಡಿ ಟೀಚರ್. ಮನುಷ್ಯರ ಮೇಲಿನ ಮಾಹಿತಿ ಸಾಲದೆ ಹೆಚ್ಚಿನ ವಸ್ತುಗಳಿಗೆ ಪ್ರಾಣಿಗಳ ಮೇಲಿನ ಮಾರಕ ಪ್ರಮಾಣದಿಂದ ಲೆಕ್ಕ ಕಟ್ಟಿದ್ದಾರೆ. ಅಂದರೆ ಅಳೆದದ್ದು "ಎಷ್ಟು ತಗೊಂಡರೆ ಸಾಯುತ್ತೆ" ಅನ್ನುವುದನ್ನು ಮಾತ್ರ. ಚಟ ಇಲ್ಲ, ಮನಸ್ಸಿನ ಕಾಯಿಲೆ ಇಲ್ಲ, ಸೂಜಿಯಿಂದ ಹರಡುವ ಸೋಂಕು ಇಲ್ಲ, ಸಿಸ್ಟರ್ ಹೇಳಿದ ಆ ಮುರಿದ ಕೈಯೂ ಇಲ್ಲ.

ಬೆಳ್ಳಿಮೋಡ

10,000 ಅಂದರೆ ಗಾಂಜಾ ಸೇಫ್ ಅಂತಾಯ್ತಲ್ಲ?

ರಾತ್ರಿಪಾಳಿ_ಸಿಸ್ಟರ್

ಇಲ್ಲಪ್ಪಾ. ಓವರ್‌ಡೋಸ್ ಆಗಿ ಉಸಿರು ನಿಲ್ಲುವುದಿಲ್ಲ ಅನ್ನುವುದು ಬೇರೆ, ಹಾನಿ ಇಲ್ಲ ಅನ್ನುವುದು ಬೇರೆ. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದುವವರಿಗೆ, ಅದರಲ್ಲೂ ಅಮಲು ತರುವ ಟಿಎಚ್‌ಸಿ ಅಂಶ ಜಾಸ್ತಿ ಇರುವ ಮಾಲು ಸೇದುವವರಿಗೆ, ವಾಸ್ತವದ ಅರಿವು ತಪ್ಪುವ ಸೈಕೋಸಿಸ್ ಕಾಯಿಲೆಯ ಅಪಾಯ ಏರುತ್ತದೆ. ಚಟವೂ ಹತ್ತುತ್ತದೆ. ಸೇದಿ ಗಾಡಿ ಓಡಿಸಿದರೆ ಅಪಘಾತದ ಅಪಾಯವೂ ಜಾಸ್ತಿ. ಸಾಯುವ ಪ್ರಮಾಣ ಒಂದನ್ನೇ ಅಳೆಯುವ ಪಟ್ಟಿಯನ್ನು ಮಕ್ಕಳಿಗೆ ತೋರಿಸಿದರೆ ಅವರು ಓದಿಕೊಳ್ಳುವುದು ಹೀಗೇ.

ಕಡಲಹಕ್ಕಿ

ನನ್ನ ದೊಡ್ಡ ತಕರಾರು ಬೇರೆ. ಒಂದೊಂದು ವಸ್ತುವನ್ನೂ ಬಿಡಿಬಿಡಿಯಾಗಿ ನಿಲ್ಲಿಸಿ ಅಂಕ ಕೊಡುತ್ತಾರೆ. ಜನ ಹಾಗೆ ಬಳಸುವುದಿಲ್ಲ. ಕೊಕೇನ್ ಜೊತೆ ಮದ್ಯ ಕುಡಿದರೆ ಲಿವರಿನಲ್ಲಿ ಕೊಕಾಎಥಿಲೀನ್ ಅನ್ನುವ ಮೂರನೇ ವಸ್ತು ತಯಾರಾಗುತ್ತದೆ, ಅದು ಹೃದಯಕ್ಕೆ ಇನ್ನೂ ಕೆಟ್ಟದ್ದು. ಅದಕ್ಕೆ ಯಾವ ಪಟ್ಟಿಯಲ್ಲಿ ಜಾಗ ಇದೆ? 2011ರಲ್ಲಿ ಮಾದಕ ವಸ್ತು ನೀತಿಯ ಸಂಶೋಧಕರಾದ ಕಾಲ್ಕಿನ್ಸ್, ರ್‍ಯೂಟರ್ ಮುಂತಾದವರು ಇದನ್ನೆಲ್ಲ ಎತ್ತಿದರು. ಒಬ್ಬನಿಗೆ ಆಗುವ ಹಾನಿ, ಇಡೀ ಸಮಾಜಕ್ಕೆ ಆಗುವ ಹಾನಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡುವುದೇ ಸರಿಯಲ್ಲ ಅಂತ ಅವರ ವಾದ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಮಾರ್ಕ್ಸ್ ಕಾರ್ಡಿನಲ್ಲಿ ಒಟ್ಟು ಮಾತ್ರ ತೋರಿಸಿದರೆ ಮಗು ಯಾವ ವಿಷಯದಲ್ಲಿ ಫೇಲಾಗಿದೆ ಅಂತ ಗೊತ್ತಾಗುತ್ತಾ?

ಹೊಸ_ಹೆಜ್ಜೆ

ಬೇರೆ ದೇಶದ ತಜ್ಞರು ಕೂತರೂ ಇದೇ ಅಂಕ ಬರುತ್ತಾ? ಅದನ್ನು ಯಾರಾದರೂ ನೋಡಿದ್ದಾರಾ?

ವಿಧಾನ_ವಿಚಾರ

ನೋಡಿದ್ದಾರೆ. 2015ರಲ್ಲಿ ಯುರೋಪಿನ ಬೇರೆ ಬೇರೆ ದೇಶಗಳ 40 ತಜ್ಞರು ಅದೇ 20 ವಸ್ತುಗಳಿಗೆ ಅಂಕ ಕೊಟ್ಟರು. ಬ್ರಿಟನ್ ಪಟ್ಟಿಗೆ ತುಂಬಾ ಹತ್ತಿರ ಬಂತು. ಆಸ್ಟ್ರೇಲಿಯಾದಲ್ಲಿ 25 ತಜ್ಞರು 22 ವಸ್ತುಗಳನ್ನು ನೋಡಿದರು, 2019ರಲ್ಲಿ ಪ್ರಕಟವಾಯಿತು. ಅಲ್ಲೂ ಮದ್ಯವೇ ಮೊದಲು, 77. ಆದರೆ ಎರಡನೇದು ಕ್ರಿಸ್ಟಲ್ ಮೆಥ್, 66. ಬ್ರಿಟನ್ ಪಟ್ಟಿಯಲ್ಲಿ ಮೆಥ್‌ಗೆ ಬರೀ 33. ಆಸ್ಟ್ರೇಲಿಯಾದಲ್ಲಿ ಮೆಥ್ ಹಾವಳಿ ದೊಡ್ಡದು, ಬ್ರಿಟನ್‌ನಲ್ಲಿ ಆಗ ಬಳಕೆ ಕಮ್ಮಿ.

ಅಂಕಗಣಿತ_ಅಜ್ಜ

ಯುರೋಪ್ ಪಟ್ಟಿ ಹೊಂದಿಕೊಂಡಿದ್ದಕ್ಕೆ ಖುಷಿ ಪಡಬೇಡಿ. ಎಲ್ಲರೂ ಓದಿದ್ದು ಅದೇ ಲ್ಯಾನ್ಸೆಟ್ ಲೇಖನ, ಮಾನದಂಡ ಅವೇ 16, ಲೇಖಕರಲ್ಲಿ ನಟ್ ಅವರೂ ಇದ್ದಾರೆ. ಹತ್ತು ಜನ ಒಂದೇ ಗಡಿಯಾರ ನೋಡಿ ಒಂದೇ ಸಮಯ ಹೇಳಿದರೆ ಗಡಿಯಾರ ಸರಿ ಇದೆ ಅಂತಲ್ಲ. ಮೆಥ್ 33ರಿಂದ 66ಕ್ಕೆ ಹೋದದ್ದು ನೋಡಿದರೆ ಇದು ವಸ್ತುವಿನ ಗುಣ ಅಳೆಯುತ್ತಿಲ್ಲ, ದೇಶದ ಪರಿಸ್ಥಿತಿ ಅಳೆಯುತ್ತಿದೆ.

ನೀಲಿಶಾಯಿ

ದೇಶದ ಪರಿಸ್ಥಿತಿ ಅಳೆಯಲಿ ಬಿಡಿ, ನೀತಿ ಮಾಡುವವರಿಗೆ ಬೇಕಾಗಿರುವುದು ಅದೇ. ಆದರೆ ಪಟ್ಟಿಯ ತಲೆಬರಹದಲ್ಲಿ ದೇಶದ ಹೆಸರು, ವರ್ಷ ದಪ್ಪ ಅಕ್ಷರದಲ್ಲಿ ಇರಬೇಕು. ಇಂಟರ್ನೆಟ್‌ನಲ್ಲಿ ಓಡಾಡುವ ಚಿತ್ರದಲ್ಲಿ ಅದು ಉದುರಿಹೋಗಿದೆ. "ಜಗತ್ತಿನ ಅತಿ ಅಪಾಯಕಾರಿ ಡ್ರಗ್" ಅಂತ ಆಗಿಬಿಟ್ಟಿದೆ.

ಲೆಕ್ಕದ_ಟೀಚರ್

ಅಜ್ಜಾ, ನಿಮ್ಮ ಬಣಕ್ಕೂ ಒಂದು ಪ್ರಶ್ನೆ. ಸಾವಿನ ಜೊತೆಗೆ ಕಾಯಿಲೆಯಲ್ಲಿ ಕಳೆದ ವರ್ಷಗಳನ್ನೂ ಸೇರಿಸುವ ಜಾಗತಿಕ ಲೆಕ್ಕ ಇದೆಯಲ್ಲ, ಎಲ್ಲರೂ ಗಟ್ಟಿ ಡೇಟಾ ಅನ್ನುವುದು. ಅದರಲ್ಲಿ ಕುರುಡುತನಕ್ಕೆ ಇಷ್ಟು, ಹೆರಾಯಿನ್ ಚಟಕ್ಕೆ ಇಷ್ಟು ಅಂತ ಒಂದೊಂದು ಸ್ಥಿತಿಗೂ ತೂಕ ಇರುತ್ತದೆ. 1990ರ ಲೆಕ್ಕಕ್ಕೆ ಆ ತೂಕ ಕೊಟ್ಟವರು ಆರೋಗ್ಯ ತಜ್ಞರ ಗುಂಪು. 2010ರ ಲೆಕ್ಕಕ್ಕೆ ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾ, ಅಮೆರಿಕ ಐದು ದೇಶಗಳ ಸಾಮಾನ್ಯ ಜನರನ್ನು ಕೇಳಿದರು, ಜೊತೆಗೆ ವೆಬ್ ಸಮೀಕ್ಷೆ. ಒಟ್ಟು 30 ಸಾವಿರಕ್ಕೂ ಹೆಚ್ಚು ಜನ. "ಈ ಇಬ್ಬರಲ್ಲಿ ಯಾರು ಹೆಚ್ಚು ಆರೋಗ್ಯವಾಗಿದ್ದಾರೆ?" ಅನ್ನುವ ಥರದ ಪ್ರಶ್ನೆ. ಅಂದರೆ ಅಲ್ಲೂ ಒಳಗೆ ಅಭಿಪ್ರಾಯವೇ. ಕೇಳಿದ್ದು ಯಾರನ್ನು ಅನ್ನುವುದು ಬದಲಾಯಿತು ಅಷ್ಟೇ.

ಅಂಕಗಣಿತ_ಅಜ್ಜ

ನನಗೆ ಬೇಕಾದದ್ದು ಅದೇ ಟೀಚರ್! 30 ಸಾವಿರ ಜನರನ್ನು ಕೇಳಿ. ತೂಕ ಕೊಡುವುದು ಮೌಲ್ಯದ ಪ್ರಶ್ನೆ. ಅದರಲ್ಲಿ ಫಾರ್ಮಕಾಲಜಿ (ಔಷಧ ಶಾಸ್ತ್ರ) ಪ್ರೊಫೆಸರರ ಮಾತು ಹೊಸ_ಹೆಜ್ಜೆ ಅವರ ಮಾತಿಗಿಂತ ಹೆಚ್ಚು ಯಾಕಾಗಬೇಕು? ಕುಡುಕನ ಮಕ್ಕಳ ಹೆದರಿಕೆ ದೊಡ್ಡದಾ, ಕುಡುಕನ ಲಿವರ್ ದೊಡ್ಡದಾ ಅಂತ ಹೇಳಲು ಎಂಡಿ ಬೇಡ. ಎಷ್ಟು ಪ್ರಮಾಣಕ್ಕೆ ಉಸಿರು ನಿಲ್ಲುತ್ತದೆ ಅನ್ನುವುದಕ್ಕೆ ತಜ್ಞರು ಬೇಕು, ಅಲ್ಲಿ ಅವರನ್ನು ಕೇಳುತ್ತೇನೆ. ಎರಡನ್ನೂ ಒಂದೇ ಕೋಣೆಯಲ್ಲಿ, ಅದೇ ಜನ, ಅದೇ ದಿನ ಮುಗಿಸಿದ್ದು ನನ್ನ ತಕರಾರು.

ಹೊಸ_ಹೆಜ್ಜೆ

ಅಜ್ಜ, ಇದನ್ನು ಕೇಳಿ ನೆಮ್ಮದಿ ಆಯಿತು.

ವಿಧಾನ_ವಿಚಾರ

ಇದಕ್ಕೆ ನನ್ನ ವಿರೋಧ ಇಲ್ಲ. ಆ ವಿಧಾನದಲ್ಲೇ ತೂಕಗಳನ್ನು ಬದಲಿಸಿ ಮತ್ತೆ ಲೆಕ್ಕ ಹಾಕಲು ದಾರಿ ಇದೆ. ಜನರಿಂದ ತೂಕ ತಂದು ತಜ್ಞರ ಅಂಕಕ್ಕೆ ಹಾಕಿದರೆ ಆಯಿತು.

ಲ್ಯಾಬ್_ಕೋಟು

ಜನರನ್ನು ಕೇಳುವಾಗ ಸುದ್ದಿಯ ಬಿಸಿಯನ್ನೂ ನೆನಪಿಡಿ. 2010ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಇಬ್ಬರು ಹುಡುಗರು ಸತ್ತರು. ಮೆಫೆಡ್ರೋನ್ ಅನ್ನುವ ಹೊಸ ವಸ್ತುವೇ ಕಾರಣ ಅಂತ ಪತ್ರಿಕೆಗಳು ಬರೆದವು. ಏಪ್ರಿಲ್‌ನಲ್ಲಿ ನಿಷೇಧ ಬಂತು. ಮೇ ತಿಂಗಳಲ್ಲಿ ಲ್ಯಾಬ್ ವರದಿ ಹೊರಬಿತ್ತು: ಇಬ್ಬರ ದೇಹದಲ್ಲೂ ಮೆಫೆಡ್ರೋನ್ ಇರಲಿಲ್ಲ, ಇದ್ದದ್ದು ಓಪಿಯಾಯ್ಡ್ ಬಳಗದ ಮೆಥಡೋನ್. ಆ ಮಾರ್ಚ್‌ನಲ್ಲಿ ಸಮೀಕ್ಷೆ ಮಾಡಿದ್ದರೆ ಮೆಫೆಡ್ರೋನ್ ಪಟ್ಟಿಯ ತುದಿಗೆ ಹೋಗುತ್ತಿತ್ತು. ಅದೇ ವರ್ಷ ತಜ್ಞರು ಕೊಟ್ಟದ್ದು 13.

ಗಿಡುಗ

ಆ ಎರಡು ಹೆಸರು ಒಂದೇ ಥರ ಕೇಳಿಸುತ್ತವೆ, ಅಪಾಯ ಬೇರೆ ಬೇರೆ. ಈ ಪ್ರಕರಣ ಗೊತ್ತಿರಲಿಲ್ಲ, ಥ್ಯಾಂಕ್ಸ್.

ತರಗತಿ_ಕಿಟಕಿ

ಎಲ್ಲವನ್ನೂ ಓದಿದೆ. ಮುಂದಿನ ತರಗತಿಗೆ ಒಂದು ಯೋಚನೆ ಬಂದಿದೆ. 72ರ ಪಟ್ಟಿ ತೋರಿಸುವ ಮುಂಚೆ ಮಕ್ಕಳಿಗೆ ನಾಲ್ಕು ಮಾನದಂಡ ಮಾತ್ರ ಕೊಡುತ್ತೇನೆ: ಸಾವು, ಚಟ, ಮನೆಯವರಿಗೆ ಆಗುವ ಹಾನಿ, ಅಪರಾಧ. 100 ಅಂಕವನ್ನು ನಾಲ್ಕಕ್ಕೂ ಅವರೇ ಹಂಚಲಿ. ಒಂದೊಂದು ಗುಂಪಿನ ಪಟ್ಟಿ ಎಷ್ಟು ಬೇರೆ ಬರುತ್ತದೆ ಅಂತ ಬೋರ್ಡಿನ ಮೇಲೆ ಬರೆಯೋಣ. ಟೀಚರ್ ಮಾಡಿದ ಭಾಗಾಕಾರವನ್ನೂ ಬಳಸಬಹುದಾ?

ಲೆಕ್ಕದ_ಟೀಚರ್

ಧಾರಾಳವಾಗಿ ಬಳಸಿ. ಒರಟು ಲೆಕ್ಕ ಅನ್ನುವುದನ್ನು ಮಾತ್ರ ಸ್ಲೈಡಿನಲ್ಲೇ ಬರೆಯಿರಿ.

ಕಪ್ಪುಕೋಟು

ಅಪರಾಧ ಸೇರಿಸುವಾಗ ಸ್ವಲ್ಪ ಎಚ್ಚರ. ಹೆರಾಯಿನ್ ಸುತ್ತ ನಡೆಯುವ ಕಳ್ಳತನ, ಗ್ಯಾಂಗ್ ಜಗಳಗಳಲ್ಲಿ ಒಂದು ಪಾಲು ವಸ್ತುವಿನದ್ದಾದರೆ ಇನ್ನೊಂದು ಪಾಲು ನಿಷೇಧದಿಂದ ಹುಟ್ಟಿದ ಕಳ್ಳ ಮಾರುಕಟ್ಟೆಯದ್ದು. ಕೊಳಕು ಸೂಜಿಯಿಂದ ಬರುವ ಎಚ್‌ಐವಿ, ಏನು ಬೆರೆಸಿದ್ದಾರೋ ತಿಳಿಯದ ಪುಡಿಯಿಂದ ಆಗುವ ಸಾವು, ಇವೂ ಹಾಗೆಯೇ. ಪಟ್ಟಿಯಲ್ಲಿ ಎಲ್ಲವೂ ಹೆರಾಯಿನ್ ಹೆಸರಿಗೇ ಬೀಳುತ್ತದೆ. ಮದ್ಯ ಅಂಗಡಿಯಲ್ಲಿ ಸಿಗುವುದರಿಂದ ಅದಕ್ಕೆ ಈ ಭಾರ ಇಲ್ಲ. ಅಪರಾಧದ ಕಾಲಂ ಎರಡಾಗಿ ಸೀಳಿ ಕೊಡಿ: ಅಮಲಿನಲ್ಲಿ ಮಾಡಿದ್ದು ಒಂದು, ಸಿಗದಿದ್ದಕ್ಕೆ ಮಾಡಿದ್ದು ಒಂದು.

ರಾತ್ರಿಪಾಳಿ_ಸಿಸ್ಟರ್

ಮನೆಯವರ ಕಾಲಂನಲ್ಲಿ ಮಕ್ಕಳನ್ನು ಬೇರೆ ಸಾಲಾಗಿ ಹಾಕಿ. ಹೆಂಡತಿ, ಅಪ್ಪ, ಅಮ್ಮ ನಮ್ಮ ವಾರ್ಡಿಗೆ ಬಂದು ಮಾತಾಡುತ್ತಾರೆ. ಮಕ್ಕಳನ್ನು ಯಾರೂ ಕರೆತರುವುದಿಲ್ಲ. ಆ ಬೋರ್ಡಿನ ಫೋಟೋ ಇಲ್ಲಿ ಹಾಕಿ, ಎಷ್ಟು ಗುಂಪು ಆ ಸಾಲಿಗೆ ಎಷ್ಟು ಕೊಟ್ಟವು ಅಂತ ನೋಡಬೇಕು.